ಮುದ್ದೆ ನುಂಗಿದ ಮೇಲೆ ಒಳಗೆ ಏನಾಗುತ್ತದೆ? ಶಾಲೆಯ ಮಾದರಿಗೆ ಸರಿಯಾದ ಅಳತೆ ಬೇಕು

ವಿಜ್ಞಾನದ ಮೇಷ್ಟ್ರು, ಅರಕಲಗೂಡು

ಎಲ್ಲರಿಗೂ ನಮಸ್ಕಾರ. ಏಳನೇ ತರಗತಿ ಮಕ್ಕಳು ವಿಜ್ಞಾನ ಮೇಳಕ್ಕೆ ಜೀರ್ಣಾಂಗಗಳ ಮಾದರಿ ಮಾಡುತ್ತಿದ್ದಾರೆ. ಥರ್ಮಾಕೋಲಿಗೆ ಬಣ್ಣ ಬಳಿದು ಗೋಡೆಗೆ ಒರಗಿಸುವುದು ಬೇಡ, ಅಂಗಾಂಗಗಳನ್ನು ಬಟ್ಟೆಯಲ್ಲಿ ಅಳತೆಗೆ ಹೊಲಿದು ಏಪ್ರನ್ ಮೇಲೆ ಕೂರಿಸೋಣ ಎಂದು ಯೋಚನೆ. ಒಂದು ಮಗು ಅದನ್ನು ತೊಟ್ಟು ನಿಂತರೆ ಇನ್ನೊಂದು ಮಗು ತೋರಿಸುತ್ತಾ ವಿವರಿಸಬೇಕು. ಮೂರು ವಿಷಯಕ್ಕೆ ಸಹಾಯ ಬೇಕು.

ಮೊದಲನೆಯದು, ಒಂದೊಂದು ಭಾಗದ ನಿಜವಾದ ಉದ್ದ. ಪುಸ್ತಕದಿಂದ ಪುಸ್ತಕಕ್ಕೆ ಅಂಕಿ ಬೇರೆಯಾಗಿದೆ. ಎರಡನೆಯದು, "ಮುದ್ದೆ ಅಗಿಯಬಾರದು, ನುಂಗಬೇಕು" ಎಂದು ಮನೆಯಲ್ಲಿ ಹೇಳುತ್ತಾರೆ, "ಚೆನ್ನಾಗಿ ಅಗಿದು ತಿನ್ನಿ" ಎಂದು ಪಾಠದಲ್ಲಿ ಹೇಳುತ್ತೇವೆ. ಮಕ್ಕಳು ಯಾವುದು ಸರಿ ಎಂದು ಕೇಳುತ್ತಿದ್ದಾರೆ. ಮೂರನೆಯದು, ಜೊಲ್ಲು ಮತ್ತು ಪಿಷ್ಟದ ಪ್ರಯೋಗ ಕೈಕೊಡುತ್ತಿದೆ. ಅಯೋಡಿನ್ ಹಾಕಿದರೆ ಒಮ್ಮೆ ಎರಡೂ ಪ್ರನಾಳ ನೀಲಿಯಾಗುತ್ತವೆ, ಇನ್ನೊಮ್ಮೆ ಎರಡರಲ್ಲೂ ಬಣ್ಣ ನಿಲ್ಲುವುದಿಲ್ಲ.

ಹೇಮಾವತಿ ದಡ, ಹಾಸನ

ಮೇಷ್ಟ್ರೇ, ಮೊದಲು ಅಳತೆ. ವಯಸ್ಕರ ಲೆಕ್ಕ ಇದು.

ಅನ್ನನಾಳ ಸುಮಾರು 25 ಸೆಂ.ಮೀ. ಇದು ಸದಾ ತೆರೆದಿರುವ ಪೈಪಲ್ಲ. ತುತ್ತು ಇಲ್ಲದಾಗ ಚಪ್ಪಟೆಯಾಗಿ ಮಡಿಸಿಕೊಂಡಿರುತ್ತದೆ, ಆದ್ದರಿಂದ ಹತ್ತಿ ತುಂಬಬೇಡಿ. ಜಠರ ಊಟವಾದ ಮೇಲೆ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ, ಖಾಲಿಯಿದ್ದಾಗ ಒಂದು ಮುಷ್ಟಿಯಷ್ಟು. ಒಳಗೋಡೆಯಲ್ಲಿ ನೆರಿಗೆಗಳಿರುವುದರಿಂದಲೇ ಇಷ್ಟು ಹಿಗ್ಗುತ್ತದೆ.

ಸಣ್ಣ ಕರುಳು ಸುಮಾರು 6 ಮೀಟರ್, ಅಗಲ ಎರಡೂವರೆ ಮೂರು ಸೆಂ.ಮೀ. ಅದರ ಮೊದಲ 25 ಸೆಂ.ಮೀ. ಡುಯೋಡಿನಂ. ಹನ್ನೆರಡು ಬೆರಳಗಲ ಇರುವುದರಿಂದಲೇ ಆ ಹೆಸರು. ಮಕ್ಕಳು ತಮ್ಮ ಬೆರಳನ್ನೇ ಇಟ್ಟು ಅಳೆಯಲಿ, ಅವರದು ಸ್ವಲ್ಪ ಕಡಿಮೆ ಬರುತ್ತದೆ. ಉಳಿದದ್ದರಲ್ಲಿ ಮೇಲಿನ ಎರಡೂವರೆ ಮೀಟರ್ ಜೆಜುನಂ, ಕೆಳಗಿನ ಮೂರರಿಂದ ಮೂರೂವರೆ ಮೀಟರ್ ಇಲಿಯಂ. ದೊಡ್ಡ ಕರುಳು ಒಂದೂವರೆ ಮೀಟರ್, ಅಗಲ ಐದಾರು ಸೆಂ.ಮೀ. ಅಂದರೆ "ಸಣ್ಣ", "ದೊಡ್ಡ" ಎನ್ನುವುದು ಅಗಲದ ಮಾತು, ಉದ್ದದ್ದಲ್ಲ. ಬಹಳ ಮಕ್ಕಳು ತಪ್ಪು ತಿಳಿಯುವುದು ಇಲ್ಲೇ.

ಪುಸ್ತಕಗಳಲ್ಲಿ ಅಂಕಿ ಬೇರೆಯಾಗಲು ಕಾರಣವಿದೆ. 6 ಮೀಟರ್ ಎನ್ನುವುದು ಶವದಲ್ಲಿ ಬಿಡಿಸಿ ಅಳೆದದ್ದು. ಜೀವಂತ ಕರುಳಿನಲ್ಲಿ ಸ್ನಾಯು ಬಿಗಿ ಹಿಡಿದಿರುವುದರಿಂದ ಉದ್ದ ಕಡಿಮೆ ಸಿಗುತ್ತದೆ. ಮೂರು ಚಿಲ್ಲರೆ ಮೀಟರ್ ಎಂದು ಬರೆದ ಪುಸ್ತಕವೂ ಸುಳ್ಳು ಹೇಳುತ್ತಿಲ್ಲ. ಮಾದರಿಗೆ 6 ಮೀಟರ್ ಇಟ್ಟುಕೊಂಡು, ಈ ಮಾತನ್ನು ಚೀಟಿಯಲ್ಲಿ ಬರೆಯಿಸಿ.

ಸೆರಗು, ಕಡೂರು

ಒಂದು ಸೀರೆ ಐದೂವರೆ ಮೀಟರ್, ರವಿಕೆ ತುಂಡು ಸೇರಿದರೆ ಆರು ದಾಟುತ್ತದೆ. ಮಕ್ಕಳಿಗೆ ಸಣ್ಣ ಕರುಳಿನ ಉದ್ದ ತೋರಿಸಲು ಒಂದು ಹಳೇ ಸೀರೆ ಬಿಡಿಸಿದರೆ ಸಾಕು.

ಹೇಮಾವತಿ ದಡ, ಹಾಸನ

ಅಕ್ಕ, ನೀವು ಹೇಳಿದ್ದು ಉದ್ದಕ್ಕಷ್ಟೇ ಅಲ್ಲ, ಇನ್ನೂ ಒಳ್ಳೆಯದಕ್ಕೆ ಉಪಯೋಗವಾಗುತ್ತದೆ. ಅಷ್ಟುದ್ದದ ಕರುಳು ಹೊಟ್ಟೆಯಲ್ಲಿ ಗಂಟು ಬೀಳದೆ ಹೇಗಿದೆ ಎನ್ನುವುದಕ್ಕೆ ಉತ್ತರ ಸೀರೆಯ ನೆರಿಗೆಯಲ್ಲಿದೆ. ಸಣ್ಣ ಕರುಳಿನ ಒಂದು ಅಂಚು ಉದ್ದಕ್ಕೂ ತೆಳುವಾದ ಪೊರೆಗೆ ಅಂಟಿಕೊಂಡಿದೆ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಮೆಸೆಂಟರಿ ಎನ್ನುತ್ತಾರೆ. ಕರುಳಿನ ಕಡೆ ಈ ಪೊರೆ ಮೀಟರುಗಟ್ಟಲೆ ಹರಡಿದೆ, ಬೆನ್ನುಗೋಡೆಗೆ ಅಂಟುವ ಕಡೆ ಕೇವಲ 15 ಸೆಂ.ಮೀ.! ಸೀರೆಯ ನೆರಿಗೆ ಕೆಳಗೆ ಅಗಲವಾಗಿ ಬಿಡಿಸಿಕೊಂಡು, ಮೇಲೆ ಸೊಂಟದಲ್ಲಿ ಒಂದು ಹಿಡಿಯಷ್ಟಾಗಿ ಸಿಕ್ಕಿಸಿಕೊಂಡಿರುತ್ತದಲ್ಲ, ಹಾಗೆ.

ಹೊಲಿಗೆಯಲ್ಲೂ ಇದನ್ನೇ ಮಾಡಿ. ಕರುಳಿನ ಬಟ್ಟೆ ಕೊಳವೆಗೆ ಒಂದು ಕಡೆ ಅಂಗೈ ಅಗಲದ ತೆಳು ಬಟ್ಟೆ ಪಟ್ಟಿ ಹೊಲಿದು, ಆ ಪಟ್ಟಿಯ ಇನ್ನೊಂದು ಅಂಚಿಗೆ ದಾರ ಓಡಿಸಿ ಎಳೆದು 15 ಸೆಂ.ಮೀ.ಗೆ ಸುರುಟಿಸಿ. ಕರುಳು ತಾನಾಗಿಯೇ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ. ಆ ಪೊರೆಯೊಳಗೆ ಕೆಂಪು, ನೀಲಿ ದಾರದಲ್ಲಿ ರಕ್ತನಾಳ ಹೊಲಿಯಿರಿ. ನೀಲಿಯದೆಲ್ಲ ಕೂಡಿ ಒಂದು ದಪ್ಪ ನಾಳವಾಗಿ ನೇರ ಯಕೃತ್ತಿಗೆ ಹೋಗಬೇಕು. ಕರುಳು ಹೀರಿದ ಸಕ್ಕರೆ, ಅಮೈನೋ ಆಮ್ಲ ಎಲ್ಲ ಮೊದಲು ಯಕೃತ್ತಿನ ಬಾಗಿಲು ತಟ್ಟಿಯೇ ಮೈಗೆ ಹಂಚಿಹೋಗುವುದು. ಕೊಬ್ಬಿನ ಬಹುಭಾಗ ಮಾತ್ರ ಆ ದಾರಿ ಹಿಡಿಯದೆ ದುಗ್ಧನಾಳದ (ಲಿಂಫ್ ನಾಳ) ಮೂಲಕ ರಕ್ತಕ್ಕೆ ಸೇರುತ್ತದೆ.

ಹಿಟ್ಟಿನ ಕೋಲು, ಹೊಳೆನರಸೀಪುರ

ಮುದ್ದೆ ವಿಷಯಕ್ಕೆ ಬನ್ನಿ. ನಮ್ಮ ಕಡೆ ಮುದ್ದೆ ಅಗಿದರೆ ಹಲ್ಲಿಗೆ ಮೆತ್ತುತ್ತದೆ, ರುಚಿಯೂ ಕೆಡುತ್ತದೆ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಕೆಡುಕಿದ್ದಿದ್ದರೆ ಇಷ್ಟು ತಲೆಮಾರು ನಡೆಯುತ್ತಿತ್ತೇ?

ಹೇಮಾವತಿ ದಡ, ಹಾಸನ

ಕ್ರಮ ಸರಿಯಾಗಿದೆ ಅಣ್ಣ. ಏಕೆ ಸರಿ ಎನ್ನುವುದನ್ನು ಮಕ್ಕಳಿಗೆ ಹೇಳಬೇಕು, ಇಲ್ಲದಿದ್ದರೆ ಅವರು ಅನ್ನ, ಕಾಳು, ಮಾಂಸವನ್ನೂ ಹಾಗೇ ನುಂಗುತ್ತಾರೆ.

ಅಗಿಯುವುದರಿಂದ ಆಗುವ ಕೆಲಸ ಎರಡು: ಚೂರು ಮಾಡುವುದು, ಒದ್ದೆ ಮಾಡುವುದು. ರಾಗಿಯ ವಿಷಯದಲ್ಲಿ ಚೂರು ಮಾಡುವ ಕೆಲಸವನ್ನು ಬೀಸುವ ಕಲ್ಲು ಮುಗಿಸಿರುತ್ತದೆ. ಪಿಷ್ಟದ ಕಣಗಳನ್ನು ನೀರಿನಲ್ಲಿ ಉಬ್ಬಿಸಿ ಒಡೆಯುವ ಕೆಲಸವನ್ನು ಒಲೆ ಮುಗಿಸಿರುತ್ತದೆ. ಜಾರುವಂತೆ ಮಾಡಲು ಸಾರಿದೆ. ಹಲ್ಲಿಗೆ ಉಳಿಯುವ ಕೆಲಸ ಬಹಳ ಕಡಿಮೆ.

ಜೊಲ್ಲಿನಲ್ಲಿರುವ, ಪಿಷ್ಟ ಒಡೆಯುವ ಅಮೈಲೇಸ್ ಎಂಬ ಕಿಣ್ವ ಬೆರೆಯಲಿಲ್ಲವಲ್ಲ ಎಂದು ಕೇಳಬಹುದು. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ, ಅದರ ಅಮೈಲೇಸ್ ಪಿಷ್ಟ ಒಡೆಯಲು ಶುರು ಮಾಡುವುದು ನಿಜ. ತುತ್ತಿನ ನಡುಭಾಗಕ್ಕೆ ಆಮ್ಲ ಇಳಿಯುವವರೆಗೆ ಜಠರದೊಳಗೂ ಸ್ವಲ್ಪ ಹೊತ್ತು ಅದರ ಕೆಲಸ ನಡೆಯುತ್ತದೆ. ಆದರೆ ಪಿಷ್ಟ ಒಡೆಯುವ ಮುಖ್ಯ ಕೆಲಸ ಮೇದೋಜೀರಕ ಗ್ರಂಥಿಯ ಅಮೈಲೇಸಿನದು, ಅದು ಡುಯೋಡಿನಂಗೆ ಸುರಿಯುತ್ತದೆ. ಬಾಯಲ್ಲಿ ತಪ್ಪಿದ್ದು ಅಲ್ಲಿ ಆಗುತ್ತದೆ.

ನುಂಗಿದ ಉಂಡೆಯನ್ನು ಒಡೆಯುವುದು ಜಠರದ ಕೆಳಭಾಗ. ನಿಮಿಷಕ್ಕೆ ಮೂರು ಸಲದಂತೆ ಅಲೆ ಎದ್ದು ಆಹಾರವನ್ನು ಜಠರದ ಕೊನೆಯ ಪೈಲೋರಸ್ ಬಾಗಿಲಿಗೆ ತಳ್ಳುತ್ತದೆ. ಬಾಗಿಲು ಬಹುತೇಕ ಮುಚ್ಚಿಯೇ ಇರುತ್ತದೆ, ಆದ್ದರಿಂದ ಹೆಚ್ಚಿನದು ಹಿಂದಕ್ಕೆ ಚಿಮ್ಮಿ ಮತ್ತೆ ಅರೆಯುತ್ತದೆ. ಒಂದೆರಡು ಮಿಲಿಮೀಟರಿಗಿಂತ ದಪ್ಪದ ಚೂರನ್ನು ಆ ಬಾಗಿಲು ಸುಲಭವಾಗಿ ಬಿಡುವುದಿಲ್ಲ. ಒಂದು ರಾಗಿ ಕಾಳು ಅಂಗೈ ಮೇಲಿಟ್ಟು ತೋರಿಸಿ, ಹೆಚ್ಚುಕಡಿಮೆ ಅದೇ ಗಾತ್ರ. ಸಾಧಾರಣ ಊಟ ಜಠರ ಬಿಡಲು ಎರಡರಿಂದ ನಾಲ್ಕು ಗಂಟೆ. ಎಣ್ಣೆ, ಕೊಬ್ಬು ಹೆಚ್ಚಿದ್ದರೆ ಇನ್ನೂ ತಡ.

ಅಗಿಯಲೇಬೇಕಾದದ್ದು ಸಾರಿನೊಳಗಿನದು. ಹುರುಳಿ, ಕಡಲೆ, ಸೊಪ್ಪಿನ ದಂಟು, ಮಾಂಸ. ಇಡೀ ಕಾಳಿನ ಸಿಪ್ಪೆಯನ್ನು ಹಲ್ಲು ಒಡೆಯದಿದ್ದರೆ ನಮ್ಮ ಯಾವ ಕಿಣ್ವಕ್ಕೂ ಅದನ್ನು ಕರಗಿಸಲು ಬರುವುದಿಲ್ಲ, ಕಾಳು ಹಾಗೇ ಹೊರಗೆ ಹೋಗುತ್ತದೆ.

ಹಿಟ್ಟಿನ ಕೋಲು, ಹೊಳೆನರಸೀಪುರ

ಒಲೆ ಮುಗಿಸಿರುತ್ತದೆ ಎಂದಿರಿ. ಸರಿಯಾಗಿ ಬೇಯಿಸಿದರೆ ಮಾತ್ರ. ಅವಸರದ ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟು ಉಳಿಯುತ್ತದೆ, ಹೊಟ್ಟೆ ಭಾರ ಎಂದು ಹೇಳುವವರು ಬಹಳ ಸಲ ತಿಂದಿರುವುದು ಅದನ್ನೇ.

ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿಸಬೇಕು. ಮಳ್ಳು ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲು ಆಡಿಸದೆ ಐದು ನಿಮಿಷ ಬಿಡಬೇಕು, ಸುತ್ತಲಿನ ನೀರು ಹಿಟ್ಟಿನ ಮೇಲೆ ಉಕ್ಕಿ ಬರಬೇಕು. ಆಮೇಲೆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗಂಟಿಲ್ಲದಂತೆ ತಿರುವಿ, ಸಣ್ಣ ಉರಿಯಲ್ಲಿ ಮುಚ್ಚಿ ಇನ್ನು ಎರಡು ಮೂರು ನಿಮಿಷ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು. ಮುರಿದರೆ ಒಳಗೆ ಬಿಳಿ ಹಿಟ್ಟು ಕಾಣಬಾರದು. ಇವೆರಡೂ ಸರಿಯಿದ್ದರೆ ಬೆಂದಿದೆ ಎಂದರ್ಥ.

ಹೇಮಾವತಿ ದಡ, ಹಾಸನ

ಹೌದು, ಬೇಯದ ಪಿಷ್ಟಕ್ಕೆ ಕಿಣ್ವ ಸುಲಭವಾಗಿ ಹತ್ತುವುದಿಲ್ಲ. ಅದರಲ್ಲಿ ಒಂದು ಪಾಲು ಹಾಗೆಯೇ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ, ಗ್ಯಾಸ್ ಬರುತ್ತದೆ.

ವಾರ್ಡ್ ಸಿಸ್ಟರ್, ಸಕಲೇಶಪುರ

ನುಂಗುವ ಮಾತು ಬಂದಿದ್ದರಿಂದ ಇದನ್ನು ಹೇಳಲೇಬೇಕು. ಮುದ್ದೆ ನುಂಗುವುದು ಎಲ್ಲರಿಗೂ ಹೇಳಿಮಾಡಿಸಿದ್ದಲ್ಲ. ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಇರುವವರು, ತೀರಾ ನಿತ್ರಾಣರಾದ ಹಿರಿಯರು, ಪುಟ್ಟ ಮಕ್ಕಳು, ಇವರಿಗೆ ಉಂಡೆ ಕೊಡಬೇಡಿ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೆದ್ದು, ಎಪಿಗ್ಲಾಟಿಸ್ ಎಂಬ ಮುಚ್ಚಳ ಶ್ವಾಸನಾಳದ ಬಾಯಿಗೆ ಬಾಗಬೇಕು. ಆ ಹೊಂದಾಣಿಕೆ ಅರೆ ಕ್ಷಣ ತಪ್ಪಿದರೂ ತುತ್ತು ಗಾಳಿಯ ದಾರಿಗೆ ಬೀಳುತ್ತದೆ. ತಿಂದ ಕೂಡಲೇ ಕೆಮ್ಮು, ಗಳಗಳ ಎನ್ನುವ ಧ್ವನಿ, ಬಾಯಿಯ ಒಂದು ಬದಿ ಅನ್ನ ನಿಲ್ಲುವುದು, ಪದೇಪದೇ ನ್ಯುಮೋನಿಯಾ: ಈ ಲಕ್ಷಣ ಕಂಡರೆ ವೈದ್ಯರಿಗೆ ತೋರಿಸಿ. ನುಂಗುವ ತೊಂದರೆ ಇರುವವರಿಗೆ ನೀರಿನಂತಹ ತೆಳು ಪಾನೀಯವೇ ಹೆಚ್ಚು ಅಪಾಯ. ಮಂದವಾದ ಅಂಬಲಿ ಮೇಲು, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ.

ಗಂಟಲಲ್ಲಿ ಸಿಕ್ಕಿ ಉಸಿರು ನಿಂತರೆ: ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಮಾತು, ಕೆಮ್ಮು ಎರಡೂ ನಿಂತಿದ್ದರೆ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಬಲವಾದ ಪೆಟ್ಟು. ಹೊರಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಎದೆಮೂಳೆಗಿಂತ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಮತ್ತೆ ಬೆನ್ನಿಗೆ. ಈ ನಡುವೆ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ನೀರು ಕುಡಿಸಬೇಡಿ, ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬೇಡಿ. ವರ್ಷ ತುಂಬದ ಮಗುವಿಗೆ ಹೊಟ್ಟೆ ಒತ್ತಬಾರದು, ಬೆನ್ನಿಗೆ ಪೆಟ್ಟು, ಎದೆಗೆ ಒತ್ತು.

ಮಾದರಿಯಲ್ಲಿ ಇನ್ನೊಂದು ತಿದ್ದುಪಡಿ: ಎಪಿಗ್ಲಾಟಿಸ್ ಬೇರೆ, ಕಿರುನಾಲಿಗೆ ಬೇರೆ. ಬಾಯಿ ತೆರೆದರೆ ಹಿಂದೆ ತೂಗಾಡುವುದು ಕಿರುನಾಲಿಗೆ.

ಲ್ಯಾಬ್ ಬೆಂಚು, ಬೇಲೂರು

ಮೇಷ್ಟ್ರೇ, ಪ್ರಯೋಗದ ವಿಷಯ. ಎರಡೂ ನೀಲಿ ಆದದ್ದಕ್ಕೆ ಕಾರಣ ಬಹುಶಃ ಗಂಜಿ ಬಿಸಿಯಿತ್ತು, ಅಥವಾ ತೀರಾ ಗಟ್ಟಿಯಿತ್ತು, ಅಥವಾ ಚಳಿಗಾಲದ ಬೆಳಗಿನಲ್ಲಿ ಪ್ರನಾಳ ತಣ್ಣಗಾಗಿತ್ತು. ಜೊಲ್ಲಿನ ಅಮೈಲೇಸ್ 37 ಡಿಗ್ರಿಯ ಆಸುಪಾಸಿನಲ್ಲಿ ಚುರುಕು, ಕೈಸುಡುವ ಗಂಜಿಯಲ್ಲಿ ಸತ್ತೇ ಹೋಗುತ್ತದೆ.

ಹೀಗೆ ಮಾಡಿ. ಅರ್ಧ ಟೀ ಚಮಚ ಅಕ್ಕಿಹಿಟ್ಟು, 100 ಮಿ.ಲೀ. ನೀರು, ಎರಡು ನಿಮಿಷ ಕುದಿಸಿ, ಬೆರಳಿಟ್ಟರೆ ಹಿತವಾಗುವಷ್ಟು ಆರಿಸಿ. ಮೂರು ಪ್ರನಾಳಕ್ಕೆ 5 ಮಿ.ಲೀ.ನಂತೆ ಹಾಕಿ. ಒಂದನೆಯದಕ್ಕೆ 2 ಮಿ.ಲೀ. ನೀರು. ಎರಡನೆಯದಕ್ಕೆ 1 ಮಿ.ಲೀ. ಜೊಲ್ಲು, 1 ಮಿ.ಲೀ. ನೀರು. ಮೂರನೆಯದಕ್ಕೆ 1 ಮಿ.ಲೀ. ಬಿಳಿ ವಿನೆಗರ್ ಹಾಕಿ ಕಲಕಿ, ಆಮೇಲೆ 1 ಮಿ.ಲೀ. ಜೊಲ್ಲು. ಬಾಯಿ ಮುಕ್ಕಳಿಸಿ ಎರಡು ನಿಮಿಷ ಬಿಟ್ಟ ಮೇಲೆ ಜೊಲ್ಲು ತೆಗೆಯಬೇಕು, ಒಂದು ಮಗುವಿನ ಜೊಲ್ಲನ್ನು ಇನ್ನೊಂದು ಮಗು ಮುಟ್ಟಬಾರದು. ಮೂರನ್ನೂ ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ 15 ನಿಮಿಷ ನಿಲ್ಲಿಸಿ.

ಅಯೋಡಿನ್ ಇಲ್ಲದಿದ್ದರೆ ಬೆಟಾಡಿನ್ ದ್ರಾವಣ ಸಾಕು. ಮುಲಾಮು ಬೇಡ, ಕೈತೊಳೆಯುವ ಸ್ಕ್ರಬ್ ಸಹ ಬೇಡ, ಅದರಲ್ಲಿ ಸೋಪಿದೆ. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ. ಪ್ರನಾಳಕ್ಕೇ ಸುರಿಯುವ ಬದಲು, ಬಿಳಿ ಟೈಲ್ಸ್ ಮೇಲೆ ಅಯೋಡಿನ್ ಹನಿಗಳ ಸಾಲು ಇಟ್ಟು, ಮೂರು ಮೂರು ನಿಮಿಷಕ್ಕೆ ಒಂದೊಂದು ಹನಿ ಗಂಜಿ ಬಿಡಿ. ಎರಡನೆಯ ಪ್ರನಾಳದ ಸಾಲು ಕಡುನೀಲಿಯಿಂದ ನೇರಳೆಗೆ, ಅಲ್ಲಿಂದ ಕಂದುಗೆಂಪಿಗೆ, ಕೊನೆಗೆ ಬರೀ ಅಯೋಡಿನ್ ಬಣ್ಣಕ್ಕೆ ತಿರುಗುತ್ತದೆ. ಪಿಷ್ಟದ ಸರಪಳಿ ತುಂಡಾಗುತ್ತಾ ಹೋಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಒಂದನೆಯದೂ ಮೂರನೆಯದೂ ನೀಲಿಯಾಗಿಯೇ ಉಳಿಯಬೇಕು. ಮೂರನೆಯದು ಜಠರದಲ್ಲಿ ಜೊಲ್ಲಿನ ಕೆಲಸ ಏಕೆ ನಿಲ್ಲುತ್ತದೆ ಎನ್ನುವುದಕ್ಕೆ ಸಾಕ್ಷಿ.

ಎರಡರಲ್ಲೂ ಬಣ್ಣ ನಿಲ್ಲದಿದ್ದ ಸಲ ಆಮ್ಲಕ್ಕೆಂದು ನಿಂಬೆರಸ ಹಾಕಿದ್ದಿರಾ?

ವಿಜ್ಞಾನದ ಮೇಷ್ಟ್ರು, ಅರಕಲಗೂಡು

ಹೌದು, ಎರಡಕ್ಕೂ ನಿಂಬೆರಸ.

ಲ್ಯಾಬ್ ಬೆಂಚು, ಬೇಲೂರು

ಅದೇ ಕಾರಣ. ನಿಂಬೆಯ ವಿಟಮಿನ್ ಸಿ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡುತ್ತದೆ. ಪಿಷ್ಟ ಅಲ್ಲೇ ಇದ್ದರೂ ನೀಲಿ ಮೂಡುವುದಿಲ್ಲ, ಮಕ್ಕಳು ಆಮ್ಲವೇ ಪಿಷ್ಟವನ್ನು ಕರಗಿಸಿತು ಎಂದು ತಪ್ಪು ಪಾಠ ಕಲಿಯುತ್ತಾರೆ. ವಿನೆಗರ್‌ನಲ್ಲಿ ಆ ತೊಂದರೆ ಇಲ್ಲ. ಗಂಜಿ ಬಿಸಿಯಿದ್ದಾಗ ಅಯೋಡಿನ್ ಹಾಕಿದರೂ ನೀಲಿ ಮಾಯವಾಗುತ್ತದೆ, ಆರಿದ ಮೇಲೆ ಮರಳುತ್ತದೆ.

ಸೆರಗು, ಕಡೂರು

ಕರುಳಿನ ಒಳಗೋಡೆ ತೋರಿಸಲು ಅಂಗಡಿಯಿಂದ ಕುರಿ ಬೋಟಿ ತಂದರೆ ಹೇಗೆ? ಟವೆಲ್ ತರಹ ಇರುತ್ತದಲ್ಲ, ಅದೇ ವಿಲ್ಲೈ, ಅಂದರೆ ಆಹಾರ ಹೀರುವ ಸಣ್ಣ ಸಣ್ಣ ಎಳೆಗಳು ಅಲ್ಲವೇ?

ಕುರಿಹಟ್ಟಿ, ಅರಸೀಕೆರೆ

ಅಲ್ಲ ಅಕ್ಕ. ಟವೆಲ್ಲಿನಂತೆ ಇರುವುದು ಕುರಿಯ ಮೊದಲ ಹೊಟ್ಟೆಯ ಗೋಡೆ, ಜೇನುಗೂಡಿನ ಹಾಗೆ ಇರುವುದು ಎರಡನೆಯದರದ್ದು. ಮೆಲುಕು ಹಾಕುವ ಪ್ರಾಣಿಗೆ ನಾಲ್ಕು ಕೋಣೆ. ನಮಗೆ ಒಂದೇ ಜಠರ, ಅದಕ್ಕೆ ಹೋಲುವುದು ಕುರಿಯ ನಾಲ್ಕನೆಯ ಕೋಣೆ ಮಾತ್ರ. ಆ ಟವೆಲ್ ತೋರಿಸಿ ವಿಲ್ಲೈ ಎಂದರೆ ತಪ್ಪಾಗುತ್ತದೆ.

ಸಣ್ಣ ಕರುಳಿನ ತುಂಡು ಕೇಳಿ ತನ್ನಿ, ಐದು ಸೆಂ.ಮೀ. ಸಾಕು. ಉದ್ದಕ್ಕೆ ಸೀಳಿ, ನಲ್ಲಿಯ ಕೆಳಗೆ ಉಜ್ಜದೆ ತೊಳೆದು, ಒಳಮೈ ಮೇಲೆ ಬರುವಂತೆ ಮೇಣದ ತಟ್ಟೆಗೆ ಗುಂಡುಸೂಜಿಯಲ್ಲಿ ಬಿಗಿದು, ಮುಳುಗುವಷ್ಟು ನೀರು ಹಾಕಿ. ನೀರಿಲ್ಲದಿದ್ದರೆ ವಿಲ್ಲೈ ಮಲಗಿಬಿಡುತ್ತವೆ, ಏನೂ ಕಾಣುವುದಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಮಖಮಲ್ಲಿನಂತೆ ಎದ್ದು ನಿಂತಿರುವುದು ಕಾಣುತ್ತದೆ. ಒಂದೊಂದು ಅರ್ಧದಿಂದ ಒಂದು ಮಿ.ಮೀ. ಕೈಗವಸು ಹಾಕಿಸಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ. ಕುರಿ ಕರುಳು ನಮ್ಮದಕ್ಕಿಂತ ಎಷ್ಟೋ ಉದ್ದ, ಇಪ್ಪತ್ತು ಮೀಟರ್ ದಾಟುವುದು ಸಾಮಾನ್ಯ. ಹುಲ್ಲಿನಿಂದ ಸತ್ವ ತೆಗೆಯಲು ಅಷ್ಟು ಬೇಕು.

ಹೇಮಾವತಿ ದಡ, ಹಾಸನ

ಇದಕ್ಕೆ ಸೇರಿಸುವುದು: ಸಣ್ಣ ಕರುಳಿನ ಒಳಮೈ ಟೆನಿಸ್ ಅಂಕಣದಷ್ಟು ಎಂದು ಹಳೆಯ ಪುಸ್ತಕಗಳಲ್ಲಿದೆ. ಮಡಿಕೆ, ವಿಲ್ಲೈ, ಅವುಗಳ ಮೇಲಿನ ಸೂಕ್ಷ್ಮ ರೋಮಗಳನ್ನೆಲ್ಲ ಈಚೆಗೆ ಮತ್ತೆ ಅಳೆದಾಗ ಬಂದದ್ದು ಸುಮಾರು 30 ಚದರ ಮೀಟರ್. ಒಂದು ಸಾಧಾರಣ ತರಗತಿ ಕೊಠಡಿಯ ನೆಲಕ್ಕಿಂತ ಸ್ವಲ್ಪ ಚಿಕ್ಕದು. ಮಕ್ಕಳಿಗೆ ನೆಲವನ್ನೇ ತೋರಿಸಬಹುದು.

ಕಾಫಿ ಹೂವು, ಮೂಡಿಗೆರೆ

ಬೆಳಗ್ಗೆ ಖಾಲಿ ಹೊಟ್ಟೆಗೆ ಕಾಫಿ ಕುಡಿದರೆ ಅಲ್ಸರ್ ಆಗುತ್ತದೆ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಎದ್ದ ಕೂಡಲೇ ಕಾಫಿ ಇಲ್ಲದ ಮನೆ ಯಾವುದಿದೆ? ಇದು ನಿಜವೇ?

ಔಷಧದ ಕಪಾಟು, ಚಿಕ್ಕಮಗಳೂರು

ಕಾಫಿ ಜಠರದ ಆಮ್ಲ ಸ್ರವಿಕೆ ಹೆಚ್ಚಿಸುತ್ತದೆ, ದೊಡ್ಡ ಕರುಳನ್ನೂ ಚುರುಕು ಮಾಡುತ್ತದೆ. ಕೆಫೀನ್ ತೆಗೆದ ಕಾಫಿಯೂ ಸ್ವಲ್ಪ ಮಟ್ಟಿಗೆ ಹಾಗೇ. ಎದೆಯುರಿ ಇರುವವರಿಗೆ ಅದು ಹೆಚ್ಚಾಗಬಹುದು. ಆದರೆ ಅಲ್ಸರ್‌ಗೆ ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತು ನೋವಿನ ಮಾತ್ರೆಗಳು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇದನ್ನು ತೋರಿಸಿಕೊಟ್ಟವರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ತೋಟದ ಕೆಲಸ ಮುಗಿಸಿ ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ ಮಾತ್ರೆಯನ್ನು ದಿನಾ ತೆಗೆದುಕೊಳ್ಳುವವರು ಕಾಫಿಗಿಂತ ಅದಕ್ಕೆ ಹೆದರಬೇಕು. ಜಠರದ ಗೋಡೆಯನ್ನು ಅದರದ್ದೇ ಆಮ್ಲದಿಂದ ಕಾಯುವುದು ಲೋಳೆ ಮತ್ತು ಬೈಕಾರ್ಬನೇಟ್ ಪದರ. ಆ ಪದರ ಉಳಿಯಲು ಬೇಕಾದ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ಊಟದ ಮೇಲೆ ನುಂಗಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಏಕೆಂದರೆ ರಕ್ತದ ಮೂಲಕವೂ ಅದೇ ಕೆಲಸ ನಡೆಯುತ್ತದೆ. ಡಾಂಬರಿನಂತೆ ಕಪ್ಪು ಮಲ, ರಕ್ತ ವಾಂತಿ ಕಂಡರೆ ಕೂಡಲೇ ಆಸ್ಪತ್ರೆ.

ಗ್ಯಾಸ್ಟ್ರಿಕ್ ಮಾತ್ರೆ ಎಂದು ಕೇಳಿ ಕೊಳ್ಳುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೆಚ್ಚು ಜನ ತೆಗೆದುಕೊಳ್ಳುವ ಹೊತ್ತೇ ತಪ್ಪು. ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಬೇಕು. ಆಮ್ಲ ತಯಾರಿಸುವ ಪಂಪುಗಳು ಊಟ ಬಂದಾಗ ಎಚ್ಚರವಾಗುತ್ತವೆ, ಎಚ್ಚರವಾದ ಪಂಪನ್ನು ಮಾತ್ರ ಈ ಔಷಧ ಹಿಡಿಯುವುದು. ಉರಿ ಬಂದ ಮೇಲೆ ನುಂಗಿದರೆ ಆ ಹೊತ್ತಿಗೆ ಏನೂ ಆಗದು. ವರ್ಷಗಟ್ಟಲೆ ಕೇಳದೆ ನುಂಗಿದರೆ ಬಿ12 ಕಡಿಮೆಯಾಗಬಹುದು. ಪೈಲೋರಿ ಪರೀಕ್ಷೆಗೆ ಹೋಗುವವರಿಗೆ ಎರಡು ವಾರ ಮೊದಲು ಇದನ್ನು ನಿಲ್ಲಿಸಲು ವೈದ್ಯರು ಹೇಳುತ್ತಾರೆ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಎಂದು ಬರಬಹುದು.

ರಾತ್ರಿ ಹುಳಿತೇಗು ಬರುವವರು ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಡಿ. ಎರಡು ದಿಂಬು ಹಾಕಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚಾಗುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ಎಡಮಗ್ಗುಲು ಮಲಗಿದರೆ ಅನ್ನನಾಳದ ಬಾಯಿ ಆಮ್ಲದ ಮಟ್ಟಕ್ಕಿಂತ ಮೇಲಿರುತ್ತದೆ.

ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಸೊಪ್ಪು, ರಾಗಿಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಅಂತರ ಇರಲಿ. ಸಾರಿಗೆ ನಿಂಬೆ ಹಿಂಡಿದರೆ ಅದಕ್ಕೆ ವಿರುದ್ಧ, ಹೀರಿಕೆ ಹೆಚ್ಚುತ್ತದೆ. ಪ್ರಯೋಗ ಕೆಡಿಸಿದ ಅದೇ ವಿಟಮಿನ್ ಸಿ ಇಲ್ಲಿ ಉಪಕಾರಿ.

ವಾರ್ಡ್ ಸಿಸ್ಟರ್, ಸಕಲೇಶಪುರ

ಗ್ಯಾಸ್ಟ್ರಿಕ್ ಎಂಬ ಪದದ ಬಗ್ಗೆ ಒಂದು ಮಾತು. ಎದೆಯ ನಡುವೆ ಭಾರ ಇಟ್ಟಂತೆ ನೋವು, ಬೆವರು, ದವಡೆಗೋ ಎಡಗೈಗೋ ಹರಡುವುದು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು ಇದ್ದರೆ ಜೀರಿಗೆ ಕಷಾಯ, ಸೋಡಾ, ಮಾತ್ರೆ ಎಂದು ಗಂಟೆ ಕಳೆಯಬೇಡಿ. ಅನ್ನನಾಳ ಹೃದಯದ ಬೆನ್ನ ಹಿಂದೆಯೇ ಹಾದುಹೋಗುತ್ತದೆ, ಎರಡರ ನೋವಿನ ನರಗಳೂ ಬೆನ್ನುಹುರಿಯಲ್ಲಿ ಹತ್ತಿರ ಹತ್ತಿರ ಸೇರುತ್ತವೆ. ಒಳಗಿನಿಂದ ಗುರುತಿಸಲು ಯಾರಿಗೂ ಆಗುವುದಿಲ್ಲ, ಇಸಿಜಿಯೇ ಬೇಕು. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ರಾಜ್ಯವಿಡೀ ಹರಡಿತ್ತಲ್ಲ, ಆಗ ಹೆದರಿದವರು ಈಗ ಮರೆಯಬಾರದು. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಬಂದು ಆಗುವುದೂ ಉಂಟು.

ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೆಯಲ್ಲಿ ಬಲಗಡೆ ಕೆಳಕ್ಕೆ ಇಳಿಯುವ ನೋವು, ಜೊತೆಗೆ ಹಸಿವಿಲ್ಲದಿರುವುದು, ಸಣ್ಣ ಜ್ವರ: ಇದು ಅಪೆಂಡಿಕ್ಸ್ ಇರಬಹುದು. ಮೊದಲು ಕರುಳಿನ ನರ ಹೊಕ್ಕುಳ ಮಟ್ಟದಲ್ಲಿ ಹೇಳುತ್ತದೆ, ಊತ ಹೊಟ್ಟೆಗೋಡೆಯ ಪೊರೆಗೆ ತಾಗಿದ ಮೇಲೆ ಜಾಗ ಖಚಿತವಾಗುತ್ತದೆ. ಅದಕ್ಕೇ ನೋವು ಸ್ಥಳ ಬದಲಿಸುವುದು. ಭೇದಿ ಮಾಡಿಸುವ ಔಷಧಿ ಕೊಡಬಾರದು, ಹೊಟ್ಟೆ ತಿಕ್ಕಬಾರದು.

ಹಿಟ್ಟಿನ ಕೋಲು, ಹೊಳೆನರಸೀಪುರ

ಅವರೆ ಕಾಲ ಬಂದರೆ ಎಲ್ಲರ ಮನೆಯಲ್ಲೂ ಹೊಟ್ಟೆ ಉಬ್ಬರ. ಇದಕ್ಕೆ ಏನು ಕಾರಣ?

ಹೇಮಾವತಿ ದಡ, ಹಾಸನ

ಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳ ಕೊಂಡಿ ಕತ್ತರಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿ ಬ್ಯಾಕ್ಟೀರಿಯಾ ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಬಿಡುತ್ತವೆ. ಇದು ರೋಗವಲ್ಲ. ಆ ಹುದುಗುವಿಕೆಯಿಂದಲೇ ದೊಡ್ಡ ಕರುಳಿನ ಗೋಡೆಗೆ ಆಹಾರವಾಗುವ ಕೊಬ್ಬಿನಾಮ್ಲಗಳೂ ಬರುತ್ತವೆ.

ಕಡಿಮೆ ಮಾಡಲು, ಒಣ ಕಾಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ. ಈ ಸಕ್ಕರೆಗಳು ನೀರಿಗೆ ಬಿಡುತ್ತವೆ. ಬಸ್ಸಾರಿನಲ್ಲಿ ಬಸಿದ ಕಟ್ಟೇ ಸಾರಾಗುವುದರಿಂದ ನೆನೆಸಿದ ನೀರಿನಲ್ಲೇ ಬೇಯಿಸಿದರೆ ಎಲ್ಲವೂ ತಟ್ಟೆಗೆ ಬರುತ್ತದೆ. ಹೊಸ ನೀರಿನಲ್ಲಿ ಬೇಯಿಸಿ, ಆ ಕಟ್ಟು ಬಳಸಿ. ಮೊಳಕೆ ಕಟ್ಟಿದರೆ ಇನ್ನೂ ಕಡಿಮೆ, ಗಿಡ ಬೆಳೆಯಲು ಮೊದಲು ತಿನ್ನುವುದೇ ಆ ಸಕ್ಕರೆಯನ್ನು.

ವಿಜ್ಞಾನದ ಮೇಷ್ಟ್ರು, ಅರಕಲಗೂಡು

ಬಹಳ ಉಪಕಾರ. ನೀರಿನ ಲೆಕ್ಕ ಒಂದು ಬೇಕಿತ್ತು. ದೊಡ್ಡ ಕರುಳು ನೀರು ಹೀರುತ್ತದೆ ಎಂದಷ್ಟೇ ಪಾಠದಲ್ಲಿದೆ.

ವಾರ್ಡ್ ಸಿಸ್ಟರ್, ಸಕಲೇಶಪುರ

ಅದು ಅರ್ಧ ಸತ್ಯ ಮೇಷ್ಟ್ರೇ. ದಿನಕ್ಕೆ ಕುಡಿಯುವುದು, ಉಣ್ಣುವುದರಲ್ಲಿ ಸುಮಾರು 2 ಲೀಟರ್ ನೀರು. ಇದಕ್ಕೆ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನ ರಸ ಎಲ್ಲ ಸೇರಿ ಇನ್ನು 7 ಲೀಟರ್. ಒಟ್ಟು ಒಂಬತ್ತು, ಒಂದು ಸಣ್ಣ ಬಿಂದಿಗೆ. ಅದರಲ್ಲಿ ಏಳೂವರೆ ಲೀಟರಿನಷ್ಟನ್ನು ಸಣ್ಣ ಕರುಳೇ ಹಿಂದಕ್ಕೆ ಹೀರುತ್ತದೆ. ದೊಡ್ಡ ಕರುಳಿಗೆ ಬರುವುದು ಒಂದೂವರೆ, ಮಲದಲ್ಲಿ ಹೋಗುವುದು 100ರಿಂದ 200 ಮಿ.ಲೀ. ಮೇಳದಲ್ಲಿ ಬಿಂದಿಗೆಯಿಟ್ಟು, ಬಣ್ಣದ ನೀರು ಅಳೆದು ಸುರಿದು, ಕೊನೆಗೆ ಒಂದು ಚಿಕ್ಕ ಲೋಟ ಮಾತ್ರ ಉಳಿಸಿ ತೋರಿಸಿ.

ಭೇದಿಯಲ್ಲಿ ಒಂದೇ ದಿನಕ್ಕೆ ಮಗು ಕುಸಿಯುವುದು ಏಕೆ ಎನ್ನುವುದು ಆಗ ತಾನಾಗಿ ಅರ್ಥವಾಗುತ್ತದೆ. ಹೀರುವ ಕೆಲಸ ಕೆಟ್ಟರೆ ಆ ಬಿಂದಿಗೆ ಹೊರಗೆ ಹರಿಯುತ್ತದೆ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ಶಕ್ತಿಗಾಗಿ ಅಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೆ ಒಳಗೆ ಹೋಗುವ ಬಾಗಿಲಿದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಬಹುತೇಕ ಭೇದಿಗಳಲ್ಲಿ ಆ ಬಾಗಿಲು ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇದೇ ನೀರಿನಿಂದ ಕಾಲರಾ ಸಾವುಗಳನ್ನು ಬಹಳಷ್ಟು ತಗ್ಗಿಸಿದರು.

ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ಹಾಕಬೇಕು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಸಮತಟ್ಟಾದ ಅರ್ಧ ಟೀ ಚಮಚ ಉಪ್ಪು. 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಆರು ಗಂಟೆ ಮೂತ್ರ ಬಾರದಿದ್ದರೆ, ಮಲದಲ್ಲಿ ರಕ್ತವಿದ್ದರೆ ಮನೆಯಲ್ಲಿ ಇರಬೇಡಿ.

ಹೇಮಾವತಿ ದಡ, ಹಾಸನ

ಮೇಷ್ಟ್ರೇ, ಹೊಲಿಯುವ ಮೊದಲು ಇದನ್ನು ಸರಿನೋಡಿಕೊಳ್ಳಿ. ಮೇಳಗಳ ಮಾದರಿಗಳಲ್ಲಿ ಪದೇಪದೇ ಕಾಣುವ ತಪ್ಪುಗಳಿವು. ಪಿತ್ತಕೋಶದ ನಾಳ ಜಠರಕ್ಕೆ ಸೇರುವುದಿಲ್ಲ, ಮೇದೋಜೀರಕದ ನಾಳದ ಜೊತೆಗೂಡಿ ಡುಯೋಡಿನಂಗೆ ಸೇರುತ್ತದೆ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ಪಿತ್ತಕೋಶ 30ರಿಂದ 50 ಮಿ.ಲೀ. ಹಿಡಿಯುವ ಚೀಲ ಅಷ್ಟೇ. ಆಹಾರ ಯಕೃತ್ತು, ಮೇದೋಜೀರಕ, ಪಿತ್ತಕೋಶದೊಳಗೆ ಹೋಗುವುದೇ ಇಲ್ಲ, ಬಾಣದ ಗುರುತು ಹಾಗೆ ಹಾಕಬೇಡಿ. ಮೇದೋಜೀರಕ ಜಠರದ ಹಿಂದೆ ಅಡ್ಡಲಾಗಿದೆ, ಅದರ ತಲೆ ಡುಯೋಡಿನಂನ ಬಾಗಿನೊಳಗೆ ಕೂರಬೇಕು. ಇಲಿಯಂ ದೊಡ್ಡ ಕರುಳಿನ ತುದಿಗೆ ಸೇರುವುದಿಲ್ಲ, ಸ್ವಲ್ಪ ಮೇಲೆ ಪಕ್ಕದಿಂದ ಸೇರುತ್ತದೆ. ಕೆಳಗೆ ಉಳಿಯುವ ಚೀಲದಿಂದ ಅಪೆಂಡಿಕ್ಸ್ ಬೆರಳಿನಂತೆ ತೂಗಬೇಕು.

ಏಪ್ರನ್ ಮಾದರಿಯಲ್ಲಿ ಎಡಬಲ ಅದಲುಬದಲಾಗುವುದೇ ಹೆಚ್ಚು. ಚಿತ್ರವನ್ನು ಮೇಜಿನ ಮೇಲಿಟ್ಟು ನೋಡುವಾಗ ಯಕೃತ್ತು ನಿಮ್ಮ ಎಡಗೈ ಕಡೆ ಕಾಣುತ್ತದೆ. ಬಟ್ಟೆಯನ್ನೂ ಮೇಜಿನ ಮೇಲೆ ಮುಂಭಾಗ ಮೇಲಾಗಿ ಹರಡಿ, ಅದೇ ಎಡಗೈ ಕಡೆಗೆ ಯಕೃತ್ತು, ಪಿತ್ತಕೋಶ, ಅಪೆಂಡಿಕ್ಸ್ ಪಿನ್ ಹಾಕಿ. ಬಲಗೈ ಕಡೆಗೆ ಜಠರ, ಇಳಿಯುವ ದೊಡ್ಡ ಕರುಳು. ಹೊಲಿಯುವ ಮುಂಚೆ ಒಂದು ಮಗುವಿಗೆ ತೊಡಿಸಿ, ಅದರ ಬಲಗೈಯನ್ನು ಅದರ ಹೊಟ್ಟೆಯ ಬಲ ಪಕ್ಕೆಗೆ ಇಡಿಸಿ. ಅಂಗೈ ಕೆಳಗೆ ಯಕೃತ್ತು ಸಿಕ್ಕರೆ ಸೂಜಿ ಹಿಡಿಯಬಹುದು.